ನಿಂತ ಮನೆ, ಬಿಟ್ಟ ಮನೆ

ಮನೆಯನ್ನು ನೋಡುವುದಕ್ಕೂ ಕಲಿಯಬೇಕು. ಇಂಗ್ಲೆಂಡಿನವರು ಇದನ್ನು ಬಲ್ಲರು. ಅಲ್ಲಿ ಬೇಸಿಗೆ ಬಂತೆಂದರೆ ಹಳೆಯ ದೊಡ್ಡ ಮನೆಗಳ ಅಭ್ಯಾಸಕ್ಕೆಂದೇ ವಿದ್ಯಾರ್ಥಿಗಳ ತಂಡಗಳು ಹೊರಡುತ್ತವೆ. ಶ್ರಾಪ್‌ಷೈರಿನ ಅಟಿಂಗಂ ಪಾರ್ಕ್ ಎಂಬ ಮನೆಯಲ್ಲಿ 1952ರಲ್ಲಿ ಹುಟ್ಟಿದ ಬೇಸಿಗೆ ಶಾಲೆ ಈ ಕೆಲಸಕ್ಕೇ ಹೆಸರಾಯಿತು. ಚಾವಣಿಯ ಗಾರೆ ಕೆಲಸ, ಕುರ್ಚಿಯ ಕಾಲು, ಗೋಡೆಯ ಮೇಲಿನ ಚಿತ್ರ, ಆಳುಗಳು ಯಾರ ಕಣ್ಣಿಗೂ ಬೀಳದೆ ಓಡಾಡಲೆಂದು ಬೇರೆಯಾಗಿ ಕಟ್ಟಿದ ಮೆಟ್ಟಿಲು, ಇವೆಲ್ಲವನ್ನೂ ನಿಂತು ನೋಡುವ ಅಭ್ಯಾಸ ಅದು. ನನಗೆ ಅದರ ಮೇಲೆ ಗೌರವವಿದೆ. ಸಾವಧಾನವಾಗಿ ನೋಡಲು ಕಲಿತವನು ಅರ್ಧ ವಿದ್ಯಾವಂತನಾದ ಹಾಗೆಯೇ. ಉಳಿದ ಅರ್ಧ ಇರುವುದು ಒಂದು ಪ್ರಶ್ನೆಯಲ್ಲಿ: ಈ ಮನೆಯ ಮೇಲೆ ಯಾರ ಋಣವಿದೆ?

ಗಂಗಾವಳಿ ಕಡಲು ಸೇರುವ ಅಳಿವೆಯ ಬಡಗಣ ದಂಡೆಯಲ್ಲಿರುವ ನಮ್ಮ ಮಂಜಗುಣಿಗೂ ಆ ದೂರದ ಮನೆಗಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಡರ್ಬಿಷೈರಿನಲ್ಲಿ ಕೆಡಲ್‌ಸ್ಟನ್ ಹಾಲ್ ಎಂಬ ಭವ್ಯವಾದ ಮನೆಯೊಂದಿದೆ. ಅದರ ಮಾದರಿಯಲ್ಲೇ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್‌ನ ಭವನ ಎದ್ದಿತು. ಕಟ್ಟಲು ಹಿಡಿದದ್ದು 1799ರಲ್ಲಿ, ಮುಗಿದದ್ದು 1803ರಲ್ಲಿ. ಕಟ್ಟಿಸಿದವನು ವೆಲ್ಲೆಸ್ಲಿ. ಅದೇ 1799ರಲ್ಲಿ, ಅವನ ಆಳ್ವಿಕೆಯಲ್ಲೇ, ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಕೈಯಲ್ಲಿದ್ದ ಕೆನರಾ ಸೀಮೆ ಕಂಪನಿಯ ವಶವಾಯಿತು. ಹೊಸದಾಗಿ ಕೈಸೇರಿದ ನಾಡಿನಲ್ಲಿ ಏನು ಬೆಳೆಯುತ್ತದೆ, ಎಷ್ಟು ಹುಟ್ಟುತ್ತದೆ ಎಂದು ತಿಳಿದು ಬರಲು ವೆಲ್ಲೆಸ್ಲಿ ಫ್ರಾನ್ಸಿಸ್ ಬುಕನನ್‌ನನ್ನು ಕಳಿಸಿದ. ಆ ಬುಕನನ್ 1801ರಲ್ಲಿ ಗೋಕರ್ಣ ನೋಡಿ, ಗಂಗಾವಳಿ ದಾಟಿ ಅಂಕೋಲೆಗೆ ಬಂದ. ಕಲ್ಕತ್ತೆಯಲ್ಲಿ ಅರಮನೆಯ ಕಂಬಗಳು ಏಳುತ್ತಿದ್ದಾಗ ಇಲ್ಲಿ ನಮ್ಮ ಗದ್ದೆಗಳ ಲೆಕ್ಕ ನಡೆದಿತ್ತು. ಎರಡಕ್ಕೂ ಅಪ್ಪಣೆ ಕೊಟ್ಟವನು ಒಬ್ಬನೇ.

ಇನ್ನೊಂದು ಮನೆ ವೇಲ್ಸ್‌ನ ಪೊವಿಸ್ ಕ್ಯಾಸಲ್. ಟಿಪ್ಪುವಿನದೆಂದು ಹೆಸರಾದ ಚಿತ್ತಾರದ ಹತ್ತಿ ಬಟ್ಟೆಯ ಡೇರೆ ಇಂದಿಗೂ ಅಲ್ಲಿದೆ. ಅದನ್ನು ಕೊಂಡೊಯ್ದದ್ದು ಎಡ್ವರ್ಡ್ ಕ್ಲೈವ್‌ನ ಕುಟುಂಬ. 1798ರಿಂದ 1803ರವರೆಗೆ ಅವನು ಮದ್ರಾಸಿನ ಗವರ್ನರನಾಗಿದ್ದ. ಕೆನರಾ ಮದ್ರಾಸ್ ಆಡಳಿತಕ್ಕೆ ಸೇರಿದಾಗ ನಮ್ಮ ಕಂದಾಯ ಹೋದದ್ದು ಅವನ ಕಚೇರಿಗೇ. ದಂಡಿನ ನಡುವೆ ನಿಲ್ಲಬೇಕಾದ ಡೇರೆ ಮುಂದೆ ಆ ಮನೆತನದ ತೋಟದ ಔತಣಗಳಿಗೆ ನೆರಳಾಯಿತು. ಅದರ ನೇಯ್ಗೆ, ಬಣ್ಣ, ಹೂಬಳ್ಳಿಯ ಅಂದವನ್ನು ವಿದ್ಯಾರ್ಥಿಗಳು ನೋಡಲೇಬೇಕು. ಆದರೆ ಅಂದವನ್ನಷ್ಟೇ ನೋಡಿ ಬಂದರೆ ಆ ನೋಟ ಅರ್ಧಕ್ಕೇ ನಿಂತಂತೆ.

ಇಂಗ್ಲೆಂಡಿನಲ್ಲೇ ಈ ಮಾತು ಈಗ ಕೇಳಿಬರುತ್ತಿದೆ. ಇಂಥ ಮನೆಗಳನ್ನು ಕಾಪಾಡಿಕೊಂಡು ಬಂದ ನ್ಯಾಷನಲ್ ಟ್ರಸ್ಟ್ 2020ರಲ್ಲಿ ವರದಿಯೊಂದನ್ನು ತಂದು, ತನ್ನ ವಶದಲ್ಲಿರುವ 93 ಸ್ಥಳಗಳಿಗೆ ವಸಾಹತು ಆಳ್ವಿಕೆಯ ಇಲ್ಲವೇ ಗುಲಾಮಗಿರಿಯ ನಂಟಿದೆಯೆಂದು ಹೇಳಿತು. ಹಲವರು ಸಿಟ್ಟಾದರು. ಪೂರ್ವಿಕರ ಮನೆಗೆ ಕಳಂಕ ಹಚ್ಚಿದರೆಂದು ನೊಂದರು. ಆ ನೋವು ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಋಣವನ್ನು ಹೇಳಿಕೊಂಡರೆ ಮನೆಯ ಮರ್ಯಾದೆ ಹೋಗುವುದಿಲ್ಲ, ಮುಚ್ಚಿಟ್ಟರೆ ಹೋಗುತ್ತದೆ.

ಇಂಗ್ಲೆಂಡಿಗೆ ಹೋಗುವ ಅನುಕೂಲ ನಮ್ಮ ಎಷ್ಟು ಮಕ್ಕಳಿಗಿದೆ? ಹೋಗಬೇಕಾದ ಅಗತ್ಯವೂ ಇಲ್ಲ. ಮೇ ತಿಂಗಳ ರಜೆಯಲ್ಲಿ, ಅಂಕೋಲೆಯ ಪೇಟೆಗೆ ಕರಿ ಇಶಾಡ ಮಾವು ಬರುವ ಹೊತ್ತಿಗೆ, ಒಬ್ಬ ಮೇಷ್ಟ್ರು ಮಂಜಗುಣಿಯ ಮಕ್ಕಳನ್ನು ಕಾರವಾರಕ್ಕೆ ಕರೆದೊಯ್ಯಲಿ. ಕಾಳಿ ನದಿಯ ದಂಡೆಯ ಕಡವಾಡದಲ್ಲಿ ನಿಲ್ಲಿಸಿ, 1638ರಲ್ಲಿ ಕಾರವಾರಕ್ಕೆ ಬಂದ ಇಂಗ್ಲಿಷ್ ವ್ಯಾಪಾರಿಗಳ ಕೋಠಿಯ ಕತೆ ಹೇಳಲಿ. ಮೆಣಸಿನ ಜೊತೆಗೆ, ಘಟ್ಟದ ಮೇಲಿನ ಹುಬ್ಬಳ್ಳಿ ಸೀಮೆಯ ನೇಕಾರರು ನೇಯ್ದ ನವಿರಾದ ಬಟ್ಟೆ ಇದೇ ದಾರಿಯಾಗಿ ಹಡಗು ಹತ್ತಿತು. ಕೋಠಿಯ ಹೆಸರು ದಾಖಲೆಯಲ್ಲಿ ಉಳಿದಿದೆ. ಮಗ್ಗದ ಮುಂದೆ ಕೂತವರ ಹೆಸರು ಉಳಿದಿಲ್ಲ.

ಅಲ್ಲಿಂದ ಕಾರವಾರದ ಕಡಲ ದಂಡೆಗೆ ಬರಲಿ. 1883ರಲ್ಲಿ ಇಲ್ಲಿನ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಟಾಗೋರರು, ಐಸಿಎಸ್ ಸೇರಿದ ಮೊದಲ ಭಾರತೀಯರು. ಅವರ ಮನೆಗೆ ಬಂದಿದ್ದ ತಮ್ಮ ರವೀಂದ್ರನಾಥರಿಗೆ ಆಗ ಇಪ್ಪತ್ತೆರಡು ವಯಸ್ಸು. ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋದರು, ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ಬಂದರು, ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕ ಬರೆದರು. ಲೋಕದ ಹಂಗನ್ನೆಲ್ಲ ಹರಿದುಕೊಂಡೆನೆಂದು ನಂಬಿದ ಸನ್ಯಾಸಿಯೊಬ್ಬನನ್ನು ಒಬ್ಬ ಅನಾಥ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆತರುವ ಕತೆ ಅದು. ಆಳುವವರ ವ್ಯವಸ್ಥೆ ಕೊಟ್ಟ ಮನೆಯಲ್ಲಿ ಕೂತೇ, ಜಗತ್ತು ಮೂಲೆಗೆ ತಳ್ಳಿದ ಮಗುವಿನ ಕಡೆಗೆ ತರುಣನೊಬ್ಬನ ಮನಸ್ಸು ಹರಿಯಿತು. ಆದ್ದರಿಂದ ಮಕ್ಕಳಿಗೆ ಹಳೆಯ ಮನೆಗಳ ಮೇಲೆ ದ್ವೇಷ ಕಲಿಸುವುದು ಬೇಡ. ಕಲ್ಲಿಗೆ ಪಾಪವಿಲ್ಲ. ಒಳಗಿರುವವನು ಕಿಟಕಿಯಿಂದ ಯಾರನ್ನು ಕಂಡ, ಯಾರನ್ನು ಕಾಣದೆ ಹೋದ ಎಂಬುದೇ ಮುಖ್ಯ.

ಇಷ್ಟು ನೋಡಿದ ಮೇಲೆ ಮಕ್ಕಳು ನೋಡಬೇಕಾದದ್ದು ಅಂಕೋಲೆಯನ್ನು. ಇಲ್ಲಿ ನೋಡುವುದಕ್ಕಿಂತ ಕೇಳುವುದು ಹೆಚ್ಚು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯಿದೆ ಮುರಿದರು. ಅದರ ಬೆನ್ನಿಗೇ ಕರನಿರಾಕರಣೆ ಬಂತು. ಹಿಂದೆ 1830–31ರಲ್ಲೂ ಕೆನರಾದ ರೈತರು ಕೂಟ ಸೇರಿ ಕಂದಾಯ ಕೊಡೆವೆಂದಿದ್ದರು. ನೂರು ವರ್ಷಕ್ಕೆ ಅದೇ ಸೊಲ್ಲು ಮತ್ತೆ ಎದ್ದಿತು. ಈ ಸಲ ಸರಕಾರ ಜಮೀನು ಜಪ್ತು ಮಾಡಿತು, ಪಾತ್ರೆ ಪಗಡೆ ಹೊರಗೆಳೆದು ಹರಾಜು ಹಾಕಿತು. ಮನೆ ಬಿಟ್ಟು ನಡೆದ ಕುಟುಂಬಗಳಿಗೆ ಮತ್ತೆ ಅದೇ ಹೊಸ್ತಿಲು ತುಳಿಯುವ ಭರವಸೆ ಇರಲಿಲ್ಲ. ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಜಪ್ತಿಯ ಜಮೀನು ಕೊಂಡವರ ಮನೆಯೆದುರು ಉಪವಾಸ ಕೂತರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರಕಾರ ಬಂದಮೇಲೆ ಹೋದ ಜಮೀನು ಹಿಂತಿರುಗುವ ದಾರಿಯಾಯಿತು. ಕರ್ನಾಟಕದ ಬಾರ್ಡೋಲಿ ಎಂಬ ಕೀರ್ತಿ ಅಂಕೋಲೆಗೆ ಸುಮ್ಮನೆ ಬರಲಿಲ್ಲ. ಕಂದಾಯದಿಂದ ಕಟ್ಟಿದ ಮನೆಗಳಿಗೆ ಟಿಕೆಟ್ಟು ಕೊಂಡು ಹೋಗಿ ನೋಡುತ್ತೇವೆ. ಕಂದಾಯ ಕೊಡೆನೆಂದು ಕಳೆದುಕೊಂಡ ಮನೆಗಳ ಮುಂದೆ ಒಂದು ಫಲಕವೂ ಕಾಣುವುದು ಅಪರೂಪ.

ಇಲ್ಲಿಗೆ ನಿಂತರೆ ನಮಗೆ ಹಿತವಾಗುತ್ತದೆ: ಋಣವೆಲ್ಲ ಇಂಗ್ಲಿಷರದು, ತ್ಯಾಗವೆಲ್ಲ ನಮ್ಮದು. ಸತ್ಯ ಅಷ್ಟು ಹಿತವಾಗಿಲ್ಲ. ಒಡೆಯನ ಜಮೀನು ಜಪ್ತಾದರೆ ಅದನ್ನು ಗೇಣಿಗೆ ಉಳುವವನ ಅನ್ನವೂ ಹೋಗುತ್ತದೆ. ಅವನ ತ್ಯಾಗವನ್ನು ಬರೆದಿಟ್ಟವರು ಕಡಿಮೆ. ಗಜನಿ ಎಂಬ ಅಳಿವೆಯಂಚಿನ ಗದ್ದೆಯ ಉಪ್ಪುನೀರಿನಲ್ಲಿ ಮೊಳಕಾಲವರೆಗೆ ನಿಂತು ದುಡಿದ ಹಾಲಕ್ಕಿ ಒಕ್ಕಲು ಕಣದಲ್ಲಿ ಭತ್ತ ಅಳೆದು ಕೊಟ್ಟದ್ದು ಬ್ರಿಟಿಷನಿಗಲ್ಲ, ಪಕ್ಕದ ಕೇರಿಯ ದೊಡ್ಡ ಮನೆಗೆ. ಇದನ್ನು ಪ್ರಶ್ನಿಸಿದ ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ತಮ್ಮ ಜಿಲ್ಲೆಯಿಂದಲೇ ಗಡಿಪಾರಾದರು. ಉಳುವವನಿಗೆ ನೆಲ ದಕ್ಕಲು 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ಸ್ವತಂತ್ರ ದೇಶವೂ ಈ ಕರಾವಳಿಯಿಂದ ಮನೆಗಳನ್ನು ಕೇಳಿತು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಕಡಲಂಚಿನ ಊರುಗಳು ತೆರವಾದವು. ದೇಶಕ್ಕೆ ನೆಲೆ ಬೇಕಿತ್ತು, ನಿಜ. ಆದರೆ ಆ ಗೋಡೆಯಾಚೆ ಯಾರ ತುಳಸಿಕಟ್ಟೆ ಇತ್ತೆಂದು ತಿಳಿಯದ ವಿದ್ಯಾರ್ಥಿ ಪೊವಿಸ್ ಕ್ಯಾಸಲ್‌ಗೆ ಹೋದರೂ ಏನನ್ನು ಕಂಡಾನು?

ಅದಕ್ಕೇ ಈ ಪ್ರವಾಸ ಕಡೆಗೆ ಅವರವರ ಮನೆಯ ಜಗಲಿಗೇ ಬರಬೇಕು. ಅಜ್ಜಿಯನ್ನು ಕೂರಿಸಿಕೊಂಡು ಕೇಳಬೇಕು. ಈ ಚಿರೆಕಲ್ಲು ಯಾರು ಕಡಿದರು, ಯಾರು ಹೊತ್ತರು? ನಾವು ಬರುವ ಮುಂಚೆ ಈ ಹಿತ್ತಲಲ್ಲಿ ಯಾರಿದ್ದರು? ಕೆಲಸಕ್ಕೆ ಬಂದವರಿಗೆ ಊಟ ಎಲ್ಲಿ ಬಡಿಸುತ್ತಿದ್ದರು? ಕೆಲವಕ್ಕೆ ಅಜ್ಜಿ ಹೆಮ್ಮೆಯಿಂದ ಉತ್ತರ ಹೇಳುತ್ತಾರೆ, ಕೆಲವಕ್ಕೆ ತಡವರಿಸುತ್ತಾರೆ. ತಡವರಿಸಿದ ಕಡೆ ಮಗು ಗೌರವದಿಂದ ಕಾಯಬೇಕು. ತಪ್ಪು ಹೊರಿಸುವ ವಿಚಾರಣೆ ಅದಾಗಬಾರದು. ಕಲಿಯಬೇಕಾದದ್ದಿಷ್ಟೇ: ನಮ್ಮ ತಲೆಯ ಮೇಲಿನ ಮಾಡು ನಮ್ಮೊಬ್ಬರ ಸಂಪಾದನೆಯಲ್ಲ.

ಈ ಮಕ್ಕಳಲ್ಲಿ ಯಾರೋ ಒಬ್ಬಳು ನಾಳೆ ತಹಶೀಲ್ದಾರಳಾಗುತ್ತಾಳೆ, ಯಾರೋ ಒಬ್ಬ ಎಂಜಿನಿಯರನಾಗುತ್ತಾನೆ. ಬಂದರಿಗೋ ರಸ್ತೆಗೋ ಬೇಕಾದ ನೆಲದ ನಕ್ಷೆ ಅವರ ಮೇಜಿನ ಮೇಲೆ ಬರುತ್ತದೆ. ಅದರಲ್ಲಿ ಮನೆಗಳಿರುವುದಿಲ್ಲ, ಸರ್ವೆ ನಂಬರುಗಳಿರುತ್ತವೆ. ಸಹಿ ಮಾಡುವ ಮೊದಲು ಎದ್ದು ಆ ಊರಿಗೆ ಹೋಗಿ, ಅಲ್ಲಿನವರ ಜಗಲಿಯಲ್ಲಿ ಕೂತು, ಅವರ ಮಾತು ಪೂರ್ತಿ ಕೇಳಿ ಬಂದರೆ ಈ ಮಕ್ಕಳು ಓದಿದ ಚರಿತ್ರೆ ಸಾರ್ಥಕ.