ಬ್ಯಾಕ್‌ವರ್ಡ್: ಗುಣವೋ, ಲೆಕ್ಕವೋ?

ಇಂಗ್ಲಿಷಿನ ಕೆಲವು ವಿಶೇಷಣಗಳು ಕನ್ನಡದೊಳಗೆ ಎಷ್ಟು ಸಲೀಸಾಗಿ ಬಂದು ಕೂತಿವೆಯೆಂದರೆ ಅವುಗಳ ಅರ್ಥವೇನೆಂದು ಯಾರೂ ಕೇಳುವುದಿಲ್ಲ. ‘ಬ್ಯಾಕ್‌ವರ್ಡ್’ ಅಂಥದ್ದೊಂದು. ಹುಮನಾಬಾದಿನಲ್ಲಿ ಬೆಳೆದು, ಬಸವಕಲ್ಯಾಣದಲ್ಲಿ ಪಿಯುಸಿ ಓದಿ, ಈಗ ಪಿಎಚ್‌ಡಿಗಾಗಿ ದಕ್ಷಿಣದ ಕಡೆ ಬಂದಿರುವ ನನಗೆ ಈ ಪದ ಎರಡು ದಿಕ್ಕಿನಿಂದ ಕೇಳಿಸುತ್ತದೆ. ಇಲ್ಲಿ ಹೊಸದಾಗಿ ಪರಿಚಯವಾದವರು ನನ್ನ ಊರು ಯಾವುದೆಂದು ಕೇಳಿದ ಮೇಲೆ, “ಓ, ಆ ಕಡೆ ತುಂಬಾ ಬ್ಯಾಕ್‌ವರ್ಡ್ ಅಲ್ವಾ?” ಅನ್ನುತ್ತಾರೆ. ಕೆಟ್ಟ ಮನಸ್ಸಿನಿಂದೇನಲ್ಲ, ಊರಿನ ಬಿಸಿಲನ್ನು ವಿಚಾರಿಸಿದಷ್ಟೇ ಸಹಜವಾಗಿ. ಊರಿಗೆ ಹೋದರೆ ನಮ್ಮವರೇ, “ನಮ್ದು ಬ್ಯಾಕ್‌ವರ್ಡ್ ಏರಿಯಾ ಅದ, ನಮಗ ಸೀಟ್ ಸಿಗಬೇಕು” ಅನ್ನುತ್ತಾರೆ. ಅಲ್ಲಿ ಚುಚ್ಚುವ ಪದವೇ ಇಲ್ಲಿ ಹಕ್ಕಿನ ಪದ. ಹಾಗಾದರೆ ಹಕ್ಕನ್ನು ಪಡೆಯುವವರು ಆ ವರ್ಣನೆಯನ್ನೂ ಒಪ್ಪಿಕೊಳ್ಳಲೇಬೇಕೆ?

ಕನ್ನಡ ವ್ಯಾಕರಣದಲ್ಲಿ ಇಂಥ ಪದಗಳಿಗೆ ಗುಣವಾಚಕ ಎನ್ನುತ್ತೇವೆ. ‘ಕೆಂಪು ಹೂವು’ ಎಂದಾಗ ಕೆಂಪು ಹೂವಿನಲ್ಲೇ ಇದೆ, ಯಾರು ಎಲ್ಲಿಂದ ನೋಡಿದರೂ ಇರುತ್ತದೆ. ‘ದೂರದ ಊರು’ ಎಂದಾಗ ಹಾಗಲ್ಲ. ದೂರ ಎಂಬುದು ಊರಿನೊಳಗೆ ಇಲ್ಲ, ಹೇಳುವವರು ನಿಂತ ಜಾಗಕ್ಕೂ ಊರಿಗೂ ನಡುವೆ ಇದೆ. ಹುಮನಾಬಾದ್ ಬೆಂಗಳೂರಿಗೆ ದೂರ, ಹೈದರಾಬಾದಿಗೆ ಹತ್ತಿರ. ಊರು ಮಾತ್ರ ಇದ್ದಲ್ಲೇ ಇದೆ. ‘ಬ್ಯಾಕ್‌ವರ್ಡ್’ ಎರಡನೆಯ ಜಾತಿಯ ಪದ. ಆದರೆ ನಾವು ಅದನ್ನು ಮೊದಲನೆಯ ಜಾತಿಯ ಪದದಂತೆ ಬಳಸುತ್ತೇವೆ. ತಕರಾರು ಹುಟ್ಟುವುದು ಇಲ್ಲಿ.

ಪದ ಸರಿಯಾಗಿ ಬಳಕೆಯಾದ ಉದಾಹರಣೆಯೂ ನಮ್ಮಲ್ಲಿದೆ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆಂದು ರಚನೆಯಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನು ಒಟ್ಟುಗೂಡಿಸಿ ಪ್ರತಿ ತಾಲ್ಲೂಕಿಗೂ ಒಂದು ಅಂಕಿ ನೀಡಿತು. ರಾಜ್ಯದ ಸರಾಸರಿ 1 ಎಂದಿಟ್ಟುಕೊಂಡರೆ, 0.89ರಿಂದ 0.99ರವರೆಗಿನವು ಹಿಂದುಳಿದ ತಾಲ್ಲೂಕುಗಳು, 0.80ರಿಂದ 0.88ರವರೆಗಿನವು ಅತಿ ಹಿಂದುಳಿದವು, 0.53ರಿಂದ 0.79ರವರೆಗಿನವು ಅತ್ಯಂತ ಹಿಂದುಳಿದವು. ಹೈಸ್ಕೂಲಿನ ಇಂಗ್ಲಿಷ್ ಪಾಠದ ಡಿಗ್ರೀಸ್ ಆಫ್ ಕಂಪ್ಯಾರಿಸನ್ನೇ ಸರ್ಕಾರಿ ಕೋಷ್ಟಕವಾಗಿ ಕೂತಂತಿದೆ. ಆಗಿನ 175 ತಾಲ್ಲೂಕುಗಳಲ್ಲಿ 114 ಈ ಮೂರು ಸಾಲುಗಳಿಗೆ ಬಂದವು. ಅತ್ಯಂತ ಹಿಂದುಳಿದ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು.

ಈ ಕೋಷ್ಟಕದಲ್ಲಿ ವಿಶೇಷಣ ಒಂಟಿಯಾಗಿಲ್ಲ. ಯಾರಿಗಿಂತ ಹಿಂದೆ ಎಂಬುದಕ್ಕೆ ರಾಜ್ಯದ ಸರಾಸರಿಗಿಂತ ಎಂಬ ಉತ್ತರವಿದೆ. ಯಾವುದರಲ್ಲಿ ಎಂಬುದಕ್ಕೆ 35 ಸೂಚಕಗಳಿವೆ. 1951ರ ಮೊದಲ ತಿದ್ದುಪಡಿ ಸಂವಿಧಾನದ 15ನೇ ವಿಧಿಗೆ ಸೇರಿಸಿದ ಮಾತೂ ಹೀಗೆಯೇ ಇದೆ: ‘ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ’ ಹಿಂದುಳಿದ ವರ್ಗಗಳು. ಅಳತೆಗೋಲು ಪದದ ಪಕ್ಕದಲ್ಲೇ ನಿಂತಿದೆ. ಮಾತುಕತೆಯಲ್ಲಿ ನಾವು ಆ ಅಳತೆಗೋಲನ್ನು ಬಿಟ್ಟು ಪದವನ್ನಷ್ಟೇ ಎತ್ತಿಕೊಳ್ಳುತ್ತೇವೆ. ಆಗ 0.79 ಎಂಬ ಅಂಕಿ ಮನುಷ್ಯರ ಮುಖದ ಮೇಲೆ ಬಂದು ಕೂರುತ್ತದೆ. ತಾಲ್ಲೂಕಿಗೆ ಹೇಳಿದ್ದು ಅಲ್ಲಿನ ಹುಡುಗಿಯ ಬುದ್ಧಿಗೆ, ಅವಳ ಕನ್ನಡಕ್ಕೆ, ಅವಳ ಮನೆಯ ಊಟಕ್ಕೆ ಅಂಟಿಕೊಳ್ಳುತ್ತದೆ.

ಯಾರಿಗಿಂತ, ಯಾವುದರಲ್ಲಿ ಎಂಬ ಪ್ರಶ್ನೆಗಳಾದ ಮೇಲೂ ಮೂರನೆಯದೊಂದು ಉಳಿಯುತ್ತದೆ: ಯಾರಿಂದ? ‘ಹಿಂದುಳಿದ’ ಎಂಬ ಕನ್ನಡ ಪದವನ್ನು ಬಿಡಿಸಿ ನೋಡಿ. ‘ಉಳಿ’ ಅಕರ್ಮಕ ಧಾತು. ಉಳಿದವರು ತಾವೇ ಉಳಿದರು ಎಂಬಂತೆ ಕೇಳಿಸುತ್ತದೆ. ನಮ್ಮ ಸೀಮೆಯ ಉರ್ದುವಿನ ‘ಪಸ್ಮಾಂದಾ’ ಎಂಬುದಕ್ಕೂ ಹಿಂದೆ ಉಳಿದವರು ಎಂದೇ ಅರ್ಥ, ಮರಾಠಿಯ ‘ಮಾಗಾಸ’ವೂ ಹಾಗೆಯೇ. ಬಸವಕಲ್ಯಾಣದ ಬಜಾರಿನಲ್ಲಿ ಕೇಳಿಸುವ ಈ ಯಾವ ಭಾಷೆಯ ಪದದಲ್ಲೂ ಕರ್ತೃ ಕಾಣುವುದಿಲ್ಲ. ಕನ್ನಡಕ್ಕೆ ಬೇಕಿದ್ದರೆ ಪ್ರೇರಣಾರ್ಥಕವಿದೆ: ಉಳಿ, ಉಳಿಸು. ಆದರೆ ‘ಹಿಂದುಳಿಸಿದ ತಾಲ್ಲೂಕು’ ಎಂದು ಯಾವ ಕಡತವೂ ಬರೆಯುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಬೀದರ ಜಿಲ್ಲೆ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು, 1956ರ ನವೆಂಬರ್ 1ರಂದು ಆಗಿನ ಮೈಸೂರು ರಾಜ್ಯಕ್ಕೆ ಸೇರಿತು. ಹುಮನಾಬಾದಿನ ಮೇಲೆ ಹಾಯುವ ಬೀದರ–ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡು ಉದ್ಘಾಟನೆಯಾದದ್ದು 2017ರ ಅಕ್ಟೋಬರ್‌ನಲ್ಲಿ. ಅಂದರೆ ಪಕ್ಕದ ಜಿಲ್ಲೆಯ ಊರಿಗೆ ನೇರ ರೈಲು ಬರಲು ಸುಮಾರು 61 ವರ್ಷ ಬೇಕಾಯಿತು. ರೈಲು ಇಲ್ಲದಿರುವುದು ಊರಿನ ಗುಣವೇ? ಹಳಿ ಹಾಕುವುದು ಊರಿನವರ ಕೈಯಲ್ಲಿರಲಿಲ್ಲ.

ಈ ಪದ ಕೇಳಿ ಕೆಣಕಿಸಿಕೊಂಡ ನಮ್ಮವರು ಸಾಮಾನ್ಯವಾಗಿ ಇತಿಹಾಸದ ಮೊರೆ ಹೋಗುತ್ತಾರೆ. ಹೇಳಿಕೊಳ್ಳಲು ಇರುವುದೇನು ಕಡಿಮೆಯಲ್ಲ. ಕಲ್ಯಾಣ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಇಲ್ಲಿ ಬರೆದ ‘ಮಿತಾಕ್ಷರ’ವನ್ನು ಶತಮಾನಗಳ ನಂತರ ಬ್ರಿಟಿಷ್ ಕಾಲದ ಕೋರ್ಟುಗಳು ಆಸ್ತಿಯ ಪಾಲಿನ ಪ್ರಶ್ನೆಗೆ ಆಧಾರವಾಗಿ ಹಿಡಿದವು. ಹನ್ನೆರಡನೆಯ ಶತಮಾನದ ಶರಣರ ಮಾತು ಹುಟ್ಟಿದ್ದೂ ಇಲ್ಲೇ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯ ಗೋಡೆಯಲ್ಲಿ ಶಾಸನ ಬರೆಯುತ್ತಿರುವ ಹೆಣ್ಣಿನ ಶಿಲ್ಪವೊಂದಿದೆ. ಅಕ್ಷರದಲ್ಲಿ ಹಿಂದುಳಿದವರು ಎಂದು ಮಾತು ಬಂದಾಗಲೆಲ್ಲ ಆ ಕಲ್ಲಿನ ಹೆಣ್ಣು ನನಗೆ ನೆನಪಾಗುತ್ತಾಳೆ.

ಆದರೂ ಈ ಉತ್ತರ ನನಗೆ ಸಾಲದು. ಕನ್ನಡದಲ್ಲಿ ‘ಹಿಂದೆ’ ಎಂದರೆ ಬೆನ್ನ ಹಿಂದೆ ಎಂದೂ ಹೌದು, ಗತಕಾಲದಲ್ಲಿ ಎಂದೂ ಹೌದು. ನೀವು ಹಿಂದಿದ್ದೀರಿ ಎಂದವರಿಗೆ ‘ಹಿಂದೆ ನಾವು ಮುಂದಿದ್ದೆವು’ ಎಂದರೆ ಇಂದಿನ ಲೆಕ್ಕ ಕೇಳುವ ಅವಕಾಶವನ್ನೇ ಬಿಟ್ಟುಕೊಟ್ಟಂತೆ. 2019ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ನಮ್ಮ ಊರಿನ ಹೆಸರೇ ಇಡೀ ಸೀಮೆಗೆ ಬಂದದ್ದು ಸಂತೋಷವೇ. ಆದರೆ ಬದಲಾದದ್ದು ನಾಮಪದ, ಅದರ ಮುಂದಿನ ವಿಶೇಷಣ ಹಾಗೆಯೇ ಉಳಿಯಿತು.

ನನ್ನ ಉತ್ತರ ಇಷ್ಟು: ‘ಬ್ಯಾಕ್‌ವರ್ಡ್’ ಎಂಬುದನ್ನು ಗುಣವಾಗಿ ತಿರಸ್ಕರಿಸಿ ಲೆಕ್ಕವಾಗಿ ಒಪ್ಪಬಹುದು. ನಮ್ಮ ಕಡೆಯ ಕಿರಾಣಿ ಅಂಗಡಿಗಳಲ್ಲಿ ಉದ್ರಿ ಖಾತೆಯ ಪುಸ್ತಕ ಇರುತ್ತದೆ. ಅದರಲ್ಲಿ ಬರೆದಿರುವುದು ಅಂಗಡಿಯವನ ಕೊರತೆಯಲ್ಲ, ಅವನಿಗೆ ಬರಬೇಕಾದ ಬಾಕಿ. ನಂಜುಂಡಪ್ಪ ವರದಿ 8 ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸೂಚಿಸಿದಾಗ ಅಂಥದೇ ಒಂದು ಖಾತೆ ತೆರೆಯಿತು. 2013ರಲ್ಲಿ ಜಾರಿಗೆ ಬಂದ 371ಜೆ ವಿಧಿಯಡಿ ಸಿಗುವ ಸೀಟು, ನೌಕರಿಗಳೂ ಅದೇ ಖಾತೆಗೆ ಸೇರಿದವು. ಬಾಕಿ ವಸೂಲಿಗೆ ಬಂದವರು ತಲೆ ತಗ್ಗಿಸಬೇಕಿಲ್ಲ.

ಆದರೆ ಲೆಕ್ಕ ಎಂದು ಒಪ್ಪಿದ ಮೇಲೆ ಪುಸ್ತಕ ನಮ್ಮೊಳಗೂ ತೆರೆಯುತ್ತದೆ. ಇದು ನಮಗೆ ಅಷ್ಟು ಹಿತವಲ್ಲ. ‘ನಮ್ಮದು ಬ್ಯಾಕ್‌ವರ್ಡ್ ಏರಿಯಾ’ ಎನ್ನುವಾಗ ನೂರು ಎಕರೆಯ ಸಾಹುಕಾರನೂ ಅವನ ಹೊಲದಲ್ಲಿ ತೊಗರಿ ಕೊಯ್ಯುವ ದಲಿತ ಹೆಣ್ಣುಮಗಳೂ ಒಂದೇ ವಿಶೇಷಣದ ಕೆಳಗೆ ನಿಲ್ಲುತ್ತಾರೆ. ಸರಾಸರಿಗೆ ಅವರಿಬ್ಬರೂ ಒಂದೇ. ಅವಳ ಮಗಳಿಗೂ ಅವನ ಮಗನಿಗೂ ಸಿಗುವ ‘ಪ್ರದೇಶ’ದ ಸರ್ಟಿಫಿಕೇಟೂ ಒಂದೇ. ಬೆಂಗಳೂರಿನ ಕಡೆ ಬೆರಳು ತೋರಿಸಿ ಯಾರಿಂದ ಎಂದು ಕೇಳುವ ನಾವು, ಆ ಹೆಣ್ಣುಮಗಳು ಅದನ್ನೇ ನಮ್ಮ ಓಣಿಯ ಕಡೆ ತಿರುಗಿ ಕೇಳಿದರೆ ಏನು ಹೇಳುತ್ತೇವೆ? ರಾಜ್ಯದ ಸರಾಸರಿಯ ಎದುರು ನಾವು ಹಿಂದೆ ಇದ್ದೇವೆ. ಅವಳ ಎದುರು, ಬಹಳ ಕಾಲದಿಂದ, ಅವಳನ್ನು ಹಿಂದುಳಿಸಿದವರ ಸಾಲಿನಲ್ಲಿ ಇದ್ದೇವೆ. ನಮಗೆ ಬರಬೇಕಾದ ಬಾಕಿಯನ್ನು ಕೇಳುವ ನೈತಿಕ ಬಲ ನಾವು ಕೊಡಬೇಕಾದದ್ದನ್ನು ಒಪ್ಪಿಕೊಂಡಷ್ಟೇ ಇರುತ್ತದೆ.