ಲೇಖನಿ ಎತ್ತಲ್ಪಟ್ಟಿರುವುದು ಯಾರಿಂದ?

ನಿಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷದ ಮಗನಿದ್ದಾನೆಂದು ಭಾವಿಸಿಕೊಳ್ಳಿ. ಊರು ಶಿಕಾರಿಪುರ, ಸೊರಬದ ಕಡೆಯ ಅಂಬ್ಲಿಗೊಳದಂಥ ಒಂದು ಹಳ್ಳಿ. ಕಳೆದ ವರ್ಷದವರೆಗೆ ಗದ್ದೆ ಕೆಲಸ ಮಾಡುತ್ತಿದ್ದ, ಜುಮಾ ನಮಾಝ್‌ಗೆ ಎಲ್ಲರಿಗಿಂತ ಮೊದಲೇ ಹೋಗುತ್ತಿದ್ದ ಹುಡುಗ. ಈಗ ಕೆಲವು ತಿಂಗಳಿಂದ ಅವನಿಗೆ ನಿದ್ದೆಯಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಅವನಿಗೆ ಮಾತು ಕೇಳಿಸುತ್ತದೆ. ತಾಯಿ ಬಡಿಸಿದ ಅನ್ನದಲ್ಲಿ ವಿಷ ಬೆರೆಸಲಾಗಿದೆ ಎನ್ನುತ್ತಾನೆ. ಸ್ನಾನವಿಲ್ಲ, ನಮಾಝ್ ಇಲ್ಲ. ಮೊನ್ನೆ ತಂದೆಯ ಮೇಲೆಯೇ ಕೈ ಎತ್ತಿದ. ಈಗ ಹೇಳಿ, ಅವನು ಪಾಪಿಯೇ?

ನೆರೆಹೊರೆಯವರು ಇದಕ್ಕೆ ಬೇಗ ಉತ್ತರ ಕೊಡುತ್ತಾರೆ. ಸೊಕ್ಕು ಎನ್ನುವವರಿದ್ದಾರೆ. 'ಅಸರ್' ಆಗಿದೆ ಎನ್ನುವವರಿದ್ದಾರೆ. ತಂದೆ-ತಾಯಿಯ ಪಾಪದ ಫಲವೆಂದು ಪಿಸುಗುಡುವವರೂ ಇದ್ದಾರೆ. ಆದರೆ ಪ್ರವಾದಿ(ಸ)ಯವರು ಈ ವಿಷಯದಲ್ಲಿ ಯಾವ ಗೊಂದಲವನ್ನೂ ಉಳಿಸಿಲ್ಲ. ಕರ್ಮಗಳನ್ನು ಬರೆಯುವ ಲೇಖನಿಯು ನಿದ್ರಿಸುವವನಿಂದ, ಮಗುವಿನಿಂದ ಮತ್ತು ಬುದ್ಧಿ ಕಳೆದುಕೊಂಡವನಿಂದ ಎತ್ತಲ್ಪಟ್ಟಿದೆ ಎಂದು ಅವರು ಕಲಿಸಿದ್ದಾರೆ. ಬುದ್ಧಿ ಮರಳುವ ತನಕ ಅವನ ಲೆಕ್ಕ ಬರೆಯಲಾಗುವುದಿಲ್ಲ.

ಆದರೆ ಆ ಲೇಖನಿ ಅವನ ಮನೆಯವರಿಂದಲೂ, ನೆರೆಯವರಿಂದಲೂ ಎತ್ತಲ್ಪಟ್ಟಿದೆಯೇ? ನನ್ನನ್ನು ಕಾಡುವ ಪ್ರಶ್ನೆ ಇದು.

ಈ ಕಾಯಿಲೆಯನ್ನು ವೈದ್ಯರು ಚಿತ್ತವಿಕಲತೆಯ ಗುಂಪಿಗೆ ಸೇರಿಸುತ್ತಾರೆ. ಅವುಗಳಲ್ಲಿ ಮುಖ್ಯವಾದುದು ಸ್ಕಿಝೋಫ್ರೇನಿಯಾ. ಲೋಕದಲ್ಲಿ ಹೆಚ್ಚುಕಡಿಮೆ 300 ಜನರಲ್ಲಿ ಒಬ್ಬರಿಗೆ ಅದು ಇದೆ; ಅಂದರೆ ಸಾಧಾರಣ ದೊಡ್ಡ ಹಳ್ಳಿಯೊಂದರಲ್ಲಿ ಕೆಲವರಾದರೂ ಇರುತ್ತಾರೆ. ಹೆಚ್ಚಾಗಿ ಹದಿಹರೆಯ ಮುಗಿದು ದುಡಿಮೆ ಆರಂಭವಾಗುವ ಪ್ರಾಯದಲ್ಲೇ ಅದು ಕಾಣಿಸಿಕೊಳ್ಳುತ್ತದೆ.

ಇದರ ಬಗ್ಗೆ ಬಹಳ ಬೆಲೆಯುಳ್ಳ ಅಧ್ಯಯನವೊಂದು ನಡೆದದ್ದು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತೀರ್ಥಹಳ್ಳಿ ತಾಲೂಕಿನ ಹಳ್ಳಿಗಳಲ್ಲಿ ಸ್ಕಿಝೋಫ್ರೇನಿಯಾ ಪೀಡಿತರನ್ನು ಹುಡುಕಿ ಗುರುತಿಸಿದರು. ಸುಮಾರು 200 ಮಂದಿ ಸಿಕ್ಕಿದರು. ಅವರಲ್ಲಿ ಔಷಧಿಯನ್ನೇ ತೆಗೆದುಕೊಳ್ಳದವರು ಬಹಳ ಮಂದಿ. ಒಂದು ವರ್ಷದ ಬಳಿಕ ಅವರ ಬದುಕನ್ನು ಮತ್ತೆ ಅಳೆದು ನೋಡಲಾಯಿತು. ಸ್ನಾನ, ಊಟ, ಮನೆಯವರೊಡನೆ ಮಾತು, ದುಡಿಮೆ, ಇವೇ ಅಳತೆಗೋಲು. 2009ರಲ್ಲಿ ಪ್ರಕಟವಾದ ಫಲಿತಾಂಶ ಸರಳವಾಗಿತ್ತು. ಚಿಕಿತ್ಸೆಯಿಲ್ಲದೆ ಉಳಿದವರು ಇದ್ದಲ್ಲಿಯೇ ಇದ್ದರು. ಔಷಧಿ ಪಡೆದವರ ಅಸಹಾಯಕತೆ ಕಡಿಮೆಯಾಗಿತ್ತು. ಆಗಷ್ಟೇ ಔಷಧಿ ಆರಂಭಿಸಿದವರಲ್ಲೂ ಹಾಗೆಯೇ. ಇದು ಅಮೆರಿಕದ ಆಸ್ಪತ್ರೆಯ ಕತೆಯಲ್ಲ, ಅಡಿಕೆ ಮತ್ತು ಭತ್ತದ ನಾಡಿನ ಕತೆ.

ಹಾಗಿರುವಾಗ, ಚಿಕಿತ್ಸೆ ಇದೆಯೆಂದು ತಿಳಿದ ಮೇಲೂ ಮಗನನ್ನು ಕೋಣೆಯಲ್ಲಿ ಕೂಡಿಹಾಕುವ ತಂದೆಗೆ ಏನೆನ್ನಬೇಕು? ಜಿನ್ನ್‌ಗಳ ಅಸ್ತಿತ್ವ ನಮ್ಮ ವಿಶ್ವಾಸದ ಭಾಗ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಆ ವಿಶ್ವಾಸವು ಆಸ್ಪತ್ರೆಯ ದಾರಿಗೆ ಹಾಕಿದ ಬೇಲಿಯಲ್ಲ. ರೋಗ ಕೊಟ್ಟ ಅಲ್ಲಾಹನು ಔಷಧಿಯನ್ನೂ ಕೊಟ್ಟಿದ್ದಾನೆ, ಚಿಕಿತ್ಸೆ ಮಾಡಿರಿ ಎಂಬುದೂ ಪ್ರವಾದಿ(ಸ)ಯವರದೇ ಬೋಧನೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸಮೀಪದ ಖಾಸಗಿ ಆಶ್ರಯಕೇಂದ್ರವೊಂದಕ್ಕೆ ಬೆಂಕಿ ಬಿದ್ದಾಗ 28 ಮನೋರೋಗಿಗಳು ಪ್ರಾಣ ಕಳೆದುಕೊಂಡರು. ಓಡಲು ಅವರಿಗೆ ಸಾಧ್ಯವಿರಲಿಲ್ಲ, ಸರಪಳಿಯಲ್ಲಿದ್ದರು. ಅವರನ್ನು ಅಲ್ಲಿಗೆ ಕರೆತಂದವರು ವೈರಿಗಳಲ್ಲ, ಸ್ವಂತ ಮನೆಯವರು. ಮನೋರೋಗಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ಸಂಪೂರ್ಣ ನಿಷೇಧಿಸಿದೆ. ದಮಾಸ್ಕಸ್‌ನಲ್ಲಿ ನೂರುದ್ದೀನ್ ಝಂಗಿ 1154ರಲ್ಲಿ ಆಸ್ಪತ್ರೆ ಕಟ್ಟಿಸಿದ್ದನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೇಳಿ ಮುಗಿಸಿ ರೋಗಿಯನ್ನು ಆಮಿಲ್ ಬಳಿಗೆ ಕರೆದೊಯ್ಯುತ್ತೇವೆ!

ಇನ್ನೊಂದು ಸೂಕ್ಷ್ಮ ವಿಷಯವಿದೆ. ಔಷಧಿ ಬೇಡವೆನ್ನುವ ಮಗನಿಗೆ ತಾಯಿ ಚಹಾದಲ್ಲಿ ಗುಳಿಗೆ ಪುಡಿಮಾಡಿ ಹಾಕುತ್ತಾಳೆ. ಅನೇಕ ಮನೆಗಳಲ್ಲಿ ಇದು ನಡೆಯುತ್ತದೆ, ಅದನ್ನು ಮಾಡಿಸುವುದು ಪ್ರೀತಿ. ವೈದ್ಯರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ನನಗನಿಸುವುದು ಇಷ್ಟು: ತನಗೆ ಕಾಯಿಲೆಯಿದೆ ಎಂಬ ಅರಿವೇ ಅವನಿಗಿಲ್ಲದ ದಿನಗಳಲ್ಲಿ, ವೈದ್ಯರಿಗೆ ತಿಳಿಸಿ ಮಾಡುವುದು ಒಂದು, ಬುದ್ಧಿ ಮರಳಿದ ಮೇಲೂ ವರ್ಷಗಟ್ಟಲೆ ಅವನನ್ನು ವಂಚಿಸುವುದು ಮತ್ತೊಂದು. ಅನ್ನದಲ್ಲಿ ಏನೋ ಬೆರೆಸಿದ್ದಾರೆಂಬುದು ಅವನ ಭ್ರಮೆಯಾಗಿತ್ತು. ಚಹಾದ ಲೋಟದ ತಳದಲ್ಲಿ ಅವನು ಪುಡಿಯನ್ನು ಕಂಡ ದಿನ ಅದು ಭ್ರಮೆಯಾಗಿ ಉಳಿಯುವುದಿಲ್ಲ. ಆಮೇಲೆ ಯಾವ ಬಾಯಿಯಿಂದ ಅವನನ್ನು ನಂಬಿಸುತ್ತೀರಿ? ಸ್ವಲ್ಪ ಚೇತರಿಸಿದೊಡನೆ ಅವನಿಗೆ ಹೇಳಿಬಿಡಿ.

ಇನ್ನು ಮದುವೆ. 'ನಿಕಾಹ್ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ' ಎಂಬ ಸಲಹೆ ಕೊಡದ ಹಿರಿಯರಿಲ್ಲ. ಹೆಣ್ಣಿನ ಕಡೆಯವರಿಗೆ ಒಂದು ಮಾತೂ ತಿಳಿಸದೆ ಸಂಬಂಧ ಕುದುರಿಸುತ್ತಾರೆ. ಪೇಟೆಯಲ್ಲಿ ಒದ್ದೆ ಧಾನ್ಯವನ್ನು ಕೆಳಗಿಟ್ಟು ಒಣ ಧಾನ್ಯವನ್ನು ಮೇಲಿಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿ(ಸ)ಯವರು ಎಷ್ಟು ಕಠಿಣವಾಗಿ ಎಚ್ಚರಿಸಿದರೆಂದು ನಿಮಗೆ ಗೊತ್ತು. ಒಂದು ರಾಶಿ ಧಾನ್ಯದ ವಿಷಯದಲ್ಲಿ ಹಾಗಾದರೆ, ಯಾರದೋ ಮಗಳ ಇಡೀ ಬದುಕಿನ ವಿಷಯದಲ್ಲಿ? ಹೇಳಿದರೆ ಯಾರು ಹೆಣ್ಣು ಕೊಡುತ್ತಾರೆ ಎನ್ನುವಿರಿ. ಆ ಅಳಲು ಸುಳ್ಳಲ್ಲ. 2008ರಲ್ಲಿ ಪ್ರಕಟವಾದ ನಿಮ್ಹಾನ್ಸ್‌ನ ಇನ್ನೊಂದು ಅಧ್ಯಯನದಲ್ಲಿ ಪಟ್ಟಣದ ರೋಗಿಗಳು ಕಾಯಿಲೆಯನ್ನು ಮುಚ್ಚಿಟ್ಟು ಬದುಕುತ್ತಿದ್ದರೆ, ಹಳ್ಳಿಯವರು ಗೇಲಿ ಮತ್ತು ಅವಮಾನವನ್ನು ಹೆಚ್ಚು ಅನುಭವಿಸುತ್ತಿದ್ದರೆಂದು ಕಂಡುಬಂತು. ಹಳ್ಳಿಯಲ್ಲಿ ಏನನ್ನು ಮುಚ್ಚಿಡಲು ಸಾಧ್ಯ? ಹಾಗಾಗಿ ಮುಚ್ಚಿಡುವವನ ಪಾಪದಲ್ಲಿ ಗೇಲಿ ಮಾಡಿದವನಿಗೂ ಪಾಲಿದೆ. ಇನ್ನು ಸೊಸೆಗೆ ಇದೇ ಕಾಯಿಲೆ ಬಂದಾಗ ಒಂದು ವಾರವೂ ಕಾಯದೆ ತವರಿಗೆ ಕಳುಹಿಸುವವರ ಬಗ್ಗೆ ಏನು ಬರೆಯಲಿ!

ಮದೀನಾದ ಒಬ್ಬಾಕೆಯ ಬುದ್ಧಿಯಲ್ಲಿ ಏನೋ ಏರುಪೇರಿತ್ತೆಂದು ಅನಸ್(ರ) ವರದಿ ಮಾಡಿದ್ದಾರೆ. ನಿಮ್ಮೊಡನೆ ನನಗೆ ಕೆಲಸವಿದೆ ಎಂದು ಆಕೆ ಪ್ರವಾದಿ(ಸ)ಯವರನ್ನು ಕರೆದಳು. ಯಾವ ಬೀದಿ ಬೇಕೋ ಆರಿಸಿಕೋ, ಬರುತ್ತೇನೆ ಎಂದು ಅವರು ಒಪ್ಪಿದರು. ಆಕೆಯ ಅಗತ್ಯ ಮುಗಿಯುವ ತನಕ ಆಕೆಯೊಡನೆ ಬೀದಿಯಲ್ಲೇ ಇದ್ದರು. ನಮ್ಮ ಮೊಹಲ್ಲಾಗಳಲ್ಲಿ ಅಂಥವಳ ಹಿಂದೆ ಹೋಗುವವರು ಕಲ್ಲು ಹಿಡಿದ ಮಕ್ಕಳು.

ಚಿಕಿತ್ಸೆ ಬೇಕಾದವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು ಮಾತು: ಗುಣ ಕಂಡೊಡನೆ ಗುಳಿಗೆ ನಿಲ್ಲಿಸುವವರಿದ್ದಾರೆ, ರಮಝಾನ್ ಬಂತೆಂದು ನಿಲ್ಲಿಸುವವರೂ ಇದ್ದಾರೆ. ಕಾಯಿಲೆ ಮರುಕಳಿಸುವುದು ಹೀಗೆಯೇ. ಗುಳಿಗೆಯನ್ನು ಇಫ್ತಾರ್ ಮತ್ತು ಸಹರಿಯ ಹೊತ್ತಿಗೆ ಹೊಂದಿಸಲು ಆಗುತ್ತದೆಯೇ ಎಂದು ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕೇಳಿ. ಆಗದು ಎಂದರೆ, ಉಪವಾಸ ಬಿಡಲು ರೋಗಿಗೆ ಪವಿತ್ರ ಕುರ್‌ಆನ್‌ನಲ್ಲೇ ಅನುಮತಿಯಿದೆ.