ಊರು ಯಾವುದು?

‘ಇಲ್ಲಿ ಯಾರೂ ಹೆದರಬೇಕಿಲ್ಲ, ಮನಸ್ಸಿನಲ್ಲಿರುವುದನ್ನು ಹೇಳಿ’ ಎಂಬ ಮಾತು ಈಗ ಬೆಂಗಳೂರಿನ ಅನೇಕ ಕಚೇರಿಗಳಲ್ಲಿ ಕೇಳಿಬರುತ್ತದೆ. ಒಳ್ಳೆಯ ಮಾತೇ. ಆದರೆ ಬಾಯಿ ಬಿಟ್ಟ ಮೇಲೆ ಕಳೆದುಕೊಳ್ಳುವುದು ಎಲ್ಲರಿಗೂ ಒಂದೇ ಅಲ್ಲ.

ನನ್ನ ಊರು ಕೇಳಿದರೆ ಬಂಗಾರಪೇಟೆ ಎನ್ನುತ್ತೇನೆ. ಪಾನಿಪೂರಿಯ ಮಾತು ಬರುತ್ತದೆ, ಅಲ್ಲಿಗೆ ಮುಗಿಯಿತು. ಮಾರಿಕುಪ್ಪಂನಿಂದ ಬರುವ ಬೆಳಗಿನ ರೈಲಿನಲ್ಲಿ ನನ್ನ ಜೊತೆಯಾಗುವ ಗೆಳೆಯನಿಗೆ ಹಾಗಲ್ಲ. ಗಣಿ ಕಾರ್ಮಿಕನ ಮಗ, ದಲಿತ, ಮನೆಮಾತು ತಮಿಳು. ಕೆಜಿಎಫ್ ಎಂದರೆ ಮೊದಲು ಸಿನಿಮಾದ ಜೋಕು, ಆಮೇಲೆ ‘ಅಪ್ಪ ಏನು ಮಾಡ್ತಿದ್ರು?’, ಆಮೇಲೆ ‘ನೀವು ಯಾವ ಪೈಕಿ?’ ಕೇಳುವವರಿಗೆ ಅದು ಕುತೂಹಲ. ಹೀಗಾಗಿ ಅವನು ‘ಕೋಲಾರದ ಕಡೆ’ ಎಂದು ಮಾತು ಮುಗಿಸುತ್ತಾನೆ. ಮೀಟಿಂಗಿನಲ್ಲೂ ಅವನದು ಇಷ್ಟೇ ಅಳೆದ ಮಾತು.

ಇದನ್ನು ಅಳುಕಿನ ಸ್ವಭಾವ ಎನ್ನುವವರಿದ್ದಾರೆ. ಅವನ ಹಿಂದಿನವರನ್ನು ನೋಡಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಯಲ್ಲಿ ಮೇಲೆ ಬ್ರಿಟಿಷರು, ನಡುವೆ ಆಂಗ್ಲೋ-ಇಂಡಿಯನ್ನರು, ಸುರಂಗದ ತಳದಲ್ಲಿ ತಮಿಳು ಜಿಲ್ಲೆಗಳಿಂದ ಬಂದ ದಲಿತರು. ಬಂಡೆ ಸಿಡಿತ, ಶ್ವಾಸಕೋಶ ತಿನ್ನುವ ಧೂಳು, ಮೇಲೆ ಬಂದರೆ ಚಿನ್ನ ಕದ್ದಿರಬಹುದೆಂದು ಮೈ ತಪಾಸಣೆ. ಅಂಥವರೇ 1930ರಲ್ಲಿ, ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳುವುದಿಲ್ಲ ಎಂದು ಮುಷ್ಕರ ಹೂಡಿದರು. ಅವರಿಗೆ ನಿರ್ಭಯವಾಗಿ ಮಾತಾಡಿ ಎಂದು ಯಾರೂ ಹೇಳಿರಲಿಲ್ಲ. ಪಕ್ಕದ ಲೈನು ಮನೆಯವನೂ ಅದನ್ನೇ ಹೇಳುತ್ತಿದ್ದ, ಅಷ್ಟು ಸಾಕಿತ್ತು. ಬೌದ್ಧ ಸಂಘ ಕಟ್ಟಿಕೊಂಡವರೂ ಅವರೇ. ಅಯೋತಿದಾಸರ ‘ತಮಿಳನ್’ ಪತ್ರಿಕೆ ಅವರ ಕಾಲಾನಂತರ ಕೆಜಿಎಫ್‌ನಿಂದಲೇ ಹೊರಟಿತು.

ಗಣಿಯನ್ನು ಹೊಗಳುತ್ತಿಲ್ಲ. ಜೀವಕ್ಕೇ ಭದ್ರತೆಯಿಲ್ಲದ ಕಡೆ ಬಾಯಿ ಬಿಡಲು ಸಾಧ್ಯವಾದದ್ದು ಎ.ಸಿ. ಕೋಣೆಯಲ್ಲಿ ಏಕೆ ಆಗುತ್ತಿಲ್ಲ ಎಂದು ಕೇಳುತ್ತಿದ್ದೇನೆ. 2001ರಲ್ಲಿ ಗಣಿ ಮುಚ್ಚಿದಾಗ ಕೂಲಿಯ ಜೊತೆಗೆ ಆ ಗುಂಪೂ ಹೋಯಿತು. ಮಕ್ಕಳು ಒಬ್ಬೊಬ್ಬರಾಗಿ ಬೆಂಗಳೂರಿನ ಬೇರೆ ಬೇರೆ ಕಟ್ಟಡಗಳಿಗೆ ಹಂಚಿಹೋದರು. ಮೇಲಧಿಕಾರಿ ಕೊಡುವ ಅಭಯ, ಅವರು ಸಿಡುಕಿದ ದಿನ ಇರುವುದಿಲ್ಲ. ಜೊತೆಗಾರ ಇರುತ್ತಾನೆ.

ಕಾನೂನೂ ಇಲ್ಲಿ ಅಷ್ಟು ಕೈಹಿಡಿಯುವುದಿಲ್ಲ. ಹತ್ತು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಜಾತಿಯ ಚುಚ್ಚುಮಾತಿಗೆ ಖಾಸಗಿ ಕಚೇರಿಯಲ್ಲಿ ಅಂಥ ಕಡ್ಡಾಯವಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ನಿಜ. ಆದರೆ ಊಟದ ಮೇಜಿನ ಜೋಕು ಹಿಡಿದು ಪೊಲೀಸ್ ಠಾಣೆಗೆ ಹೋಗುವವರು ಯಾರು, ಹೋಗಿ ಮರುದಿನ ಅದೇ ಮೇಜಿಗೆ ಬರುವವರು ಯಾರು?

ಕಳೆದ ತಿಂಗಳು ಗೆಳೆಯನ ವಿಭಾಗಕ್ಕೆ ಚಾಂಪಿಯನ್ ರೀಫ್ಸ್‌ನ ಹುಡುಗಿಯೊಬ್ಬಳು ಸೇರಿದಳು. ಊರು ಕೇಳಿದವರಿಗೆ ನೇರ ಕೆಜಿಎಫ್ ಎಂದಳಂತೆ. ‘ನಂದೂ ಅಲ್ಲೇ’ ಎಂದು ಇವನು ಹೇಳಿದ್ದು ಅವತ್ತು.